ಅಂಗೈಯ ಬಿಸುಪು

ಮೆಡಿಕಲ್ ಕಾಲೇಜಿನಿಂದ ಆಗಷ್ಟೇ ಆಸ್ಪತ್ರೆಗೆ ಬಂದಿದ್ದ ಹೊಸ ಸ್ಟೆತೊಸ್ಕೋಪಿಗೆ ಎದೆಬಡಿತದ ಸದ್ದುಗಳೆಲ್ಲ ಬಾಯಿಪಾಠ. ಒಂದು ದಿನ ತಾಯಿಯೊಬ್ಬಳು, "ಕೂಸು ಹಾಲು ಕುಡಿಯುವಾಗ ಬೆವರುತ್ತೆ, ಡಾಕ್ಟ್ರೇ," ಎನ್ನುತ್ತ ಬಂದಳು.

"ಮೊದಲು ನನ್ನಲ್ಲಿ ಕೂತು ಬೆಚ್ಚಗಾಗಪ್ಪ," ಎಂದಿತು ಡಾಕ್ಟರ್ ನಾಗವೇಣಿಯವರ ಮುದಿ ಅಂಗೈ.

"ಓದಿ ಬಂದವನಿಗೆ ಈ ಉಪಚಾರವೆಲ್ಲ ಯಾಕೆ?" ಎಂದು ಸ್ಟೆತೊಸ್ಕೋಪು ನೇರ ಕೂಸಿನ ಎದೆಗೆ ಹಾರಿತು. ತಣ್ಣನೆಯ ಬಿಲ್ಲೆ ತಾಗಿದ್ದೇ ತಡ, ಕೂಸು ಕಿಟಾರನೆ ಕಿರುಚಿತು. ಬಡಿತವೆಲ್ಲ ಅಳುವಿನಲ್ಲಿ ಮುಳುಗಿಹೋಯಿತು.

ಸ್ಟೆತೊಸ್ಕೋಪು ತೆಪ್ಪಗೆ ಬಂದು ಅಂಗೈಯಲ್ಲಿ ಕೂತಿತು. ಬೆಚ್ಚಗಾಗಿ ಮತ್ತೆ ಹೋದಾಗ ಕೂಸು ಕಣ್ಣರಳಿಸಿ ಸುಮ್ಮನಿತ್ತು. ಬಡಿತಗಳ ನಡುವೆ, ಬಾಗಿಲ ಸಂದಿನಲ್ಲಿ ಗಾಳಿ ನುಸುಳಿದಂತೆ, ಸಣ್ಣದೊಂದು ಸುಯ್ಲು ಕೇಳಿಸಿತು.

"ಅಬ್ಬಾ, ಗುಂಡಿಗೆಯಲ್ಲಿ ತೂತು!" ಸ್ಟೆತೊಸ್ಕೋಪು ಮೈಮರೆತು ಪಿಸುಗುಟ್ಟಿತು. "ಈ ಸದ್ದು ನನಗೆ ಮೊದಲೇ ಗೊತ್ತಿತ್ತು, ಅಂಗೈಯಮ್ಮಾ. ಆದರೆ ಕೇಳಿಸಿಕೊಳ್ಳಲು ಈ ಕೂಸು ಅಪ್ಪಣೆ ಕೊಡಬೇಕಿತ್ತು."