ಗೆಳತಿಯ ಪಕ್ಕದ ಜಾಗ

“ಮದರ್, ನಾನು ಮುದುಕಿಯಾದ ಮೇಲೆ ನನ್ನನ್ನು ಇಲ್ಲಿಗೆ ಕರೆಸಿಕೊಳ್ಳುತ್ತೀರಾ? ಈ ಸಾಲಿನಲ್ಲಿ ನನಗೂ ಜಾಗ ಇರುತ್ತದೆಯೇ?”

ಕೇಳಿದವಳು ಸಿಸ್ಟರ್ ಲಿಡ್ವಿನ್. ಮರುವಾರ ಅವಳು ಆಫ್ರಿಕಾದ ಮಿಷನ್ನಿಗೆ ಹೊರಡುವವಳಿದ್ದಳು. ಮೃತರ ಸ್ಮರಣೆಯ ದಿನ ಹತ್ತಿರವಾಗಿತ್ತು. ಕಾನ್ವೆಂಟಿನ ಹಿಂದೆ, ಸಿಸ್ಟರುಗಳ ಸಮಾಧಿಗಳ ನಡುವೆ ಹುಲ್ಲು ಕೀಳುತ್ತಿದ್ದ ಮದರ್ ಅಪೊಲೋನಿಯಾ ಕೈ ನಿಲ್ಲಿಸದೆ ಒಂದು ಕತೆ ಹೇಳಿದರು.

ಒಬ್ಬ ಸಿಸ್ಟರ್ ಇದ್ದಳು. ಗೆಳತಿಯೊಬ್ಬಳ ಜೊತೆ ಕಾನ್ವೆಂಟ್ ಸೇರಿದಳು. ಗೆಳತಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಳು. ಇವಳನ್ನು ಸಮುದ್ರದಾಚೆಗೆ ಕಳಿಸಿದರು. ಅಲ್ಲಿ ದವಾಖಾನೆ ನಡೆಸಿದಳು. ಹೆರಿಗೆ ಮಾಡಿಸಿದಳು. ಸತ್ತವರನ್ನು ಮಣ್ಣು ಮಾಡುವಾಗ ಮನೆಯವರ ಜೊತೆ ನಿಂತಳು. ಸಂಜೆಯಾದರೆ ಅವಳಿಗೆ ಊರು ನೆನಪಾಗುತ್ತಿತ್ತು. ಗಂಜಿಯ ಹೊತ್ತಿನ ಗಂಟೆ, ಸುಟ್ಟ ಒಣಮೀನಿನ ವಾಸನೆ, ಜಪಸರ ಹೇಳುತ್ತಲೇ ತೂಕಡಿಸುತ್ತಿದ್ದ ಗೆಳತಿ. ವಯಸ್ಸಾದವರನ್ನು ವಾಪಸು ಕರೆಸಿಕೊಳ್ಳುವುದು ಆಗಿನ ಪದ್ಧತಿ. ಗೆಳತಿಯ ಸಮಾಧಿಯ ಪಕ್ಕದಲ್ಲಿ ಅವಳಿಗೆಂದು ಜಾಗ ಬಿಟ್ಟಿದ್ದರು. ಆ ಜಾಗವನ್ನು ನೆನೆಯುತ್ತಲೇ ಅವಳು ಅಲ್ಲಿ ಮುದುಕಿಯಾದಳು.

ಕೊನೆಗೆ ಕರೆ ಬಂತು. ಅವಳ ನಂತರ ದವಾಖಾನೆ ನೋಡಿಕೊಳ್ಳಲು ಕಳಿಸುವುದಕ್ಕೆ ಇಲ್ಲಿ ಯಾರೂ ಇರಲಿಲ್ಲ. ಅಲ್ಲಿಯ ಹುಡುಗಿಯೊಬ್ಬಳಿಗೆ ಸಿಸ್ಟರ್ ಆಗುವ ಆಸೆಯಿತ್ತು, ಆದರೆ ಅವಳ ಅಜ್ಜಿ ಬಿಟ್ಟಿರಲಿಲ್ಲ. ಸಿಸ್ಟರ್ ಆ ಅಜ್ಜಿಯ ಬಳಿಗೆ ಹೋದಳು.

“ನಾನು ಊರಿಗೆ ಹೊರಟೆ, ಅಕ್ಕಾ. ಇನ್ನಾದರೂ ಮೊಮ್ಮಗಳನ್ನು ಕೊಡು. ಇಲ್ಲದಿದ್ದರೆ ದವಾಖಾನೆಗೆ ಬೀಗ ಬೀಳುತ್ತದೆ.”

ಅಜ್ಜಿ ಹೇಳಿದಳು: “ನಮ್ಮವರಲ್ಲಿ ಎಷ್ಟೋ ಜನರನ್ನು ನೀನು ಮಣ್ಣು ಮಾಡಿದೆ. ನಿಮ್ಮವರು ಒಬ್ಬರೂ ನಮ್ಮ ಮಣ್ಣಿನಲ್ಲಿಲ್ಲ. ವಯಸ್ಸಾಯಿತೋ, ಪೆಟ್ಟಿಗೆ ಕಟ್ಟುತ್ತೀರಿ. ನೀವು ನೆಂಟರು. ನೆಂಟರಿಗೆ ನಾವು ಊಟ ಹಾಕುತ್ತೇವೆ, ಮಗಳನ್ನು ಕೊಡುವುದಿಲ್ಲ.”

ಸಿಸ್ಟರ್ ಊರಿಗೆ ಬಂದಳು. ಗಂಜಿಯ ಗಂಟೆ ಹಾಗೇ ಇತ್ತು. ಒಣಮೀನೂ ಸಿಕ್ಕಿತು. ದಿನವೂ ಗೆಳತಿಯ ಸಮಾಧಿಯ ಬಳಿ ಹೋಗಿ ಕೂರುತ್ತಿದ್ದಳು. ಒಂದು ಮಳೆಗಾಲ ಕಳೆಯಿತು. ಬಳಿಕ ಆಗಿನ ಮುಖ್ಯಸ್ಥೆ ಮದರ್ ಮುಂದೆ ನಿಂತು, “ನನ್ನನ್ನು ವಾಪಸು ಕಳಿಸಿ” ಎಂದಳು.

“ಈ ವಯಸ್ಸಿನಲ್ಲಿ ಇದೆಂಥ ಹಠ? ಅಲ್ಲಿ ಹೋಗಿ ಇನ್ನು ಏನು ಕೆಲಸ ಮಾಡುತ್ತೀ?”

“ಕೆಲಸ ಮಾಡುವುದಕ್ಕಲ್ಲ, ಸಾಯುವುದಕ್ಕೆ.”

“ಇಲ್ಲಿ ಗೆಳತಿ ನಿನಗಾಗಿ ಕಾಯುತ್ತಿದ್ದಾಳಲ್ಲ?”

“ಕಾಯಲಿ ಬಿಡಿ, ಮದರ್. ಅವಳಿಗೆ ಬೇರೆ ಏನು ಕೆಲಸವಿದೆ?”

ಹೋದಳು. ಮರುವರ್ಷ ಅಲ್ಲೇ ತೀರಿಕೊಂಡಳು. ಅಲ್ಲಿಯ ಜನರೇ ಗುಂಡಿ ತೋಡಿದರು. ಮಣ್ಣು ಮುಚ್ಚಿದ ಮೇಲೆ ಅಜ್ಜಿ ಮೊಮ್ಮಗಳ ಕೈ ಹಿಡಿದು ದವಾಖಾನೆಯ ಬಾಗಿಲಿಗೆ ಕರೆತಂದಳು.

ಮದರ್ ಕಿತ್ತ ಹುಲ್ಲನ್ನು ಬುಟ್ಟಿಗೆ ಹಾಕಿದರು. “ಬರುವ ವಾರ ನಿನಗೆ ಅಲ್ಲಿ ಬಾಗಿಲು ತೆರೆಯುವವಳು ಆ ಮೊಮ್ಮಗಳೇ” ಎಂದರು.

ಲಿಡ್ವಿನ್ ಕೇಳಿದಳು: “ಹಾಗಾದರೆ ನನಗೆ ಇಲ್ಲಿ ಜಾಗ ಇಲ್ಲವೇ, ಮದರ್?”

ಎರಡು ಶಿಲುಬೆಗಳ ನಡುವೆ ತಾವು ಹುಲ್ಲು ಕಿತ್ತು ಹಸನು ಮಾಡಿದ್ದ ಬರಿ ನೆಲದ ಮೇಲೆ ಮದರ್ ಕೈಯಿಟ್ಟರು.

“ಇದೆ, ಮಗಳೇ; ಅವಳು ಬೇಡವೆಂದು ಹೋದ ಜಾಗ ಇದೇ.”