ಮೇಷ್ಟ್ರ ಬೆನ್ನ ಮೇಲಿನ ‘ಅ’

ಹಲಸಿನ ಮರಗಳೇ ಹೆಚ್ಚಿದ್ದ ಒಂದು ಕಾಡಿನಲ್ಲಿ ಪ್ರಾಣಿಮಕ್ಕಳ ಶಾಲೆಯೊಂದಿತ್ತು. ಗೋಡೆ ಇರಲಿಲ್ಲ, ಗಂಟೆ ಇರಲಿಲ್ಲ. ಅತ್ತಿಮರದ ಕೆಳಗೆ ಒಂದು ಚಪ್ಪಟೆ ಬಂಡೆ ಇತ್ತು, ಅಷ್ಟೆ. ಆ ಬಂಡೆಯ ಮೇಲೆ ಕೂತವರೇ ಮೇಷ್ಟ್ರು. ಪಾಠ ಮುಗಿದ ಮೇಲೆ ಮಕ್ಕಳು ಒಂದೊಂದು ಹಣ್ಣನ್ನು ಬಂಡೆಯ ಮೇಲಿಟ್ಟು ಹೋಗುವುದು ಅಲ್ಲಿನ ರೂಢಿ.

ಬಹಳ ಕಾಲದಿಂದ ಆ ಬಂಡೆಯ ಮೇಲಿದ್ದವನು ಮೊನೆಯಪ್ಪ ಎಂಬ ಮುಳ್ಳುಹಂದಿ. ಅವನ ಪಾಠ ಒಂದೇ ಬಗೆ.

“ಸತ್ಯ, ಅಸತ್ಯ! ನ್ಯಾಯ, ಅನ್ಯಾಯ! ಹೂಂ, ಹೇಳ್ರೋ!”

ಮಕ್ಕಳು ರಾಗವಾಗಿ ಹೇಳುತ್ತಿದ್ದರು. ಅರ್ಥ ಒಬ್ಬರಿಗೂ ಗೊತ್ತಿರಲಿಲ್ಲ. ತೂಕಡಿಸಿದವರಿಗೆ ಬೆನ್ನಿನ ಮುಳ್ಳಿನಿಂದ ಒಂದು ಚುಚ್ಚು. “ಚುಚ್ಚದೆ ವಿದ್ಯೆ ಒಳಗೆ ಇಳಿಯೋದಾದರೂ ಹೇಗೆ?” ಎಂದು ಮೊನೆಯಪ್ಪ ಕೇಳುತ್ತಿದ್ದ. ಚುಚ್ಚಿಸಿಕೊಂಡವರನ್ನು ಮಾತ್ರ ಅವನು ಏನೂ ಕೇಳುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ, ಎಷ್ಟೋ ಕಾಡು ಕಂಡು ಬಂದಿದ್ದ ಗೊರವಂಕ ಹಕ್ಕಿಯೊಂದು ಅತ್ತಿಮರಕ್ಕೆ ಬಂದಿಳಿಯಿತು. ಕಾಡಿನ ಹಿರಿಯಳಾದ ಆನೆಯಜ್ಜಿ ಅವಳನ್ನು ಮಾತಾಡಿಸಿ, ಮಧ್ಯಾಹ್ನದ ಪಾಠವನ್ನು ಅವಳಿಗೆ ಒಪ್ಪಿಸಿದಳು. “ಮಳೆಗಾಲ ಶುರುವಾಗೋ ಮುಂಚೆ ಬಂದು ಇಬ್ಬರ ಪಾಠವನ್ನೂ ನೋಡ್ತೀನಿ. ಬಂಡೆ ಯಾರಿಗೆ ಅಂತ ಆಮೇಲೆ ಹೇಳ್ತೀನಿ” ಎಂದಳು.

ಮೊನೆಯಪ್ಪನ ಹೊಟ್ಟೆಯೊಳಗೆ ಕೆಂಡ ಬಿದ್ದದ್ದು ಆಗಲೇ.

ಗೊರವಂಕ ಟೀಚರ್ ಮರದ ತೊಗಟೆಯಿಂದ ದೊಡ್ಡದೊಂದು ‘ಅ’ ಕೊರೆದಳು. ಅದಕ್ಕೆ ಬಳ್ಳಿ ಕಟ್ಟಿ ಅಳಿಲುಮರಿಯ ಕೊರಳಿಗೆ ಹಾಕಿದಳು. ಉಳಿದ ಮಕ್ಕಳ ಕೊರಳಿಗೆ ಒಂದೊಂದು ಮುತ್ತುಗದ ಎಲೆ, ಎಲೆಯ ಮೇಲೆ ಒಂದೊಂದು ಪದ.

“ನೋಡ್ರಪ್ಪಾ, ಈ ‘ಅ’ ಬಲು ತುಂಟ. ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲಬೇಕು ಅಂತಾನೆ. ಅವನು ಬಂದು ನಿಂತ ಅಂದರೆ ಪದದ ಅರ್ಥ ತಲೆಕೆಳಗು! ಹೋಗು ಅಳಿಲಪ್ಪಾ.”

ಅಳಿಲು ಓಡಿಹೋಗಿ ‘ಶಾಂತಿ’ ಕಟ್ಟಿಕೊಂಡ ಜಿಂಕೆಮರಿಯ ಮುಂದೆ ನಿಂತಿತು. “ಅಶಾಂತಿ!” ಎಂದು ಮಕ್ಕಳೆಲ್ಲ ಕಿರುಚಿ ಕುಪ್ಪಳಿಸಿದರು. ‘ಸಾಧ್ಯ’ ಕಟ್ಟಿಕೊಂಡ ಕೋತಿಮರಿಯ ಮುಂದೆ ನಿಂತಿತು. “ಅಸಾಧ್ಯ! ನನ್ನ ಕೈಲಿ ಆಗಲ್ಲಪ್ಪ!” ಎಂದು ಕೋತಿಮರಿ ಅಂಗಾತ ಬಿದ್ದುಕೊಂಡಿತು.

“ಟೀಚರ್, ‘ಹಣ್ಣು’ ಮುಂದೆ ನಿಂತರೆ?” ಎಂದಿತು ಮೊಲದ ಮರಿ.

“ನಿಲ್ಲಲ್ಲ ಮರೀ. ‘ಅ’ ಎಲ್ಲರ ಮನೆಗೂ ಹೋಗೋ ನೆಂಟ ಅಲ್ಲ. ಅವನ ಬಳಗ ಯಾವುದು ಅಂತ ಕೇಳ್ತಾ ಕೇಳ್ತಾ ನಿಮಗೇ ಗೊತ್ತಾಗುತ್ತೆ.”

ಸಂಜೆ ಬಂಡೆಯ ಮೇಲೆ ನೇರಳೆ, ಕಾರೆ, ಕವಳಿ ಹಣ್ಣುಗಳ ಗುಡ್ಡೆ ಬಿದ್ದಿತ್ತು. ಬೆಳಿಗ್ಗೆ ಮೊನೆಯಪ್ಪನಿಗೆ ಬಂದದ್ದು ಮುದುಡಿದ ಅತ್ತಿಹಣ್ಣು. ಅದರಲ್ಲೂ ಹುಳ.

ಮೊನೆಯಪ್ಪ ಪೊದೆಯ ಹಿಂದೆ ನಿಂತು ನೋಡಿದ. ‘ಇದೂ ಒಂದು ಪಾಠವೇ? ಕುಣಿತ!’ ಎಂದುಕೊಂಡ. ಮರುದಿನವೂ ಹೋಗಿ ನೋಡಿದ. ಅದರ ಮರುದಿನವೂ. ನೋಡದಿದ್ದರೆ ಊಟ ಸೇರದು, ನೋಡಿದರೆ ಜೀರ್ಣವಾಗದು. ಅವನು ಕಲಿಸಿದ ಪದಗಳೇ ಅವು! ಅವನ ‘ನ್ಯಾಯ’, ಅವನ ‘ಸತ್ಯ’! ಅವಳ ಬಾಯಲ್ಲಿ ಬಂದರೆ ಮಕ್ಕಳಿಗೆ ನಗು, ಅವನ ಬಾಯಲ್ಲಿ ಬಂದರೆ ನಿದ್ದೆ. ‘ಎಲ್ಲಾ ಆ ತೊಗಟೆಯ ಮಹಿಮೆ’ ಎಂದು ತೀರ್ಮಾನಿಸಿದ.

ಆನೆಯಜ್ಜಿ ಬರುವ ದಿನ ಬಂತು. ಮಧ್ಯಾಹ್ನ ಟೀಚರ್ ಮಕ್ಕಳನ್ನು ನೀರು ಕುಡಿಸಲು ಹೊಳೆಗೆ ಕರೆದೊಯ್ದಳು. ‘ಅ’ ತಗ್ಗಿನ ಕೊಂಬೆಯಲ್ಲಿ ತೂಗುತ್ತಿತ್ತು. ಮೊನೆಯಪ್ಪ ಎಲೆಯ ತುಂಬ ಹಲಸಿನ ಮೇಣ ತುಂಬಿಕೊಂಡು ಬಂದ. ತೊಗಟೆಗೆ ಮೇಣ ಬಳಿದರೆ ಅದು ಅಳಿಲಿನ ಕೂದಲಿಗೆ ಅಂಟಿಕೊಳ್ಳುತ್ತದೆ. ಅಳಿಲು ಅಳುತ್ತದೆ, ಪಾಠ ಕೆಡುತ್ತದೆ, ಬಂಡೆ ಉಳಿಯುತ್ತದೆ. ಎಂಥ ಉಪಾಯ!

ಹಲಸು ಮುಟ್ಟುವ ಮುಂಚೆ ಕೈಗೆ ಎಣ್ಣೆ ಸವರಿಕೊಳ್ಳಬೇಕು. ಆ ಕಾಡಿನ ಕೂಸಿಗೂ ಇದು ಗೊತ್ತು. ಆದರೆ ಹೊಟ್ಟೆ ಉರಿಯುವವನಿಗೆ ಎಣ್ಣೆಯ ನೆನಪೆಲ್ಲಿ? ಮೊನೆಯಪ್ಪ ಮೇಣವನ್ನು ದಪ್ಪಗೆ ಬಳಿದ.

ಅಷ್ಟರಲ್ಲಿ ಹಿಂದೆ ಕಡ್ಡಿ ಮುರಿದ ಸದ್ದಾಯಿತು. ಬೆಚ್ಚಿಬಿದ್ದ ಮುಳ್ಳುಹಂದಿ ಏನು ಮಾಡುತ್ತದೆ? ಗಕ್ಕನೆ ತಿರುಗಿ ಮುಳ್ಳೆಬ್ಬಿಸುತ್ತದೆ. ಮೊನೆಯಪ್ಪನೂ ತಿರುಗಿದ, ಮುಳ್ಳೆಬ್ಬಿಸಿದ. ಸದ್ದು ಮಾಡಿದ್ದು ಒಂದು ಓತಿಕ್ಯಾತ, ಅಷ್ಟೆ. ‘ಅಬ್ಬಾ’ ಎಂದು ಮತ್ತೆ ಕೊಂಬೆಯ ಕಡೆ ನೋಡಿದರೆ ‘ಅ’ ಇಲ್ಲ! ಕೆಳಗೂ ಇಲ್ಲ, ಪೊದೆಯಲ್ಲೂ ಇಲ್ಲ.

‘ಗಾಳಿಗೆ ಹಾರಿಹೋಗಿರಬೇಕು. ಇನ್ನೂ ಒಳ್ಳೆಯದೇ ಆಯಿತು’ ಎಂದು ಅಂಗೈ ಅಂಟನ್ನು ಹುಲ್ಲಿಗೆ ಒರೆಸಿ, ಹೋಗಿ ಬಂಡೆಯ ಮೇಲೆ ಅತ್ತಿಮರಕ್ಕೆ ಬೆನ್ನು ಮಾಡಿ ಕೂತ.

ಮಕ್ಕಳು ಬಂದರು. “ಟೀಚರ್, ‘ಅ’ ಕಾಣಿಸ್ತಿಲ್ಲ!” ಎಂದು ಅಳಿಲು ಅಳುಮೋರೆ ಮಾಡಿತು.

“ಛೇ ಛೇ, ಹೀಗಾಗಬಾರದಿತ್ತು” ಎಂದ ಮೊನೆಯಪ್ಪ, ನಗು ನುಂಗಿಕೊಂಡು. “ಪರವಾಗಿಲ್ಲ ಬಿಡೀಮ್ಮಾ, ನಾನು ಬಾಯಿಪಾಠ ಹೇಳಿಸ್ತೀನಿ.”

ಆಗ ಆನೆಯಜ್ಜಿ ಬಂದಳು. ಮೊನೆಯಪ್ಪ ಬಂಡೆಯಿಂದಿಳಿದು, ಮಕ್ಕಳಿಗೆ ಬೆನ್ನು ಹಾಕಿ, ಅವಳಿಗೆ ನಡುಬಗ್ಗಿಸಿ ಕೈಮುಗಿದ.

ಹಿಂದೆ ಯಾರೋ ಕಿಸಕ್ಕೆಂದರು. ಜಿಂಕೆಮರಿ ಮೆಲ್ಲನೆ ಬಂದು ಅವನ ಬೆನ್ನ ಹಿಂದೆ ನಿಂತಿತು.

“ಅಶಾಂತಿ!” ಎಂದು ಮಕ್ಕಳು ಕೂಗಿದರು. ಕೋತಿಮರಿ ಬಂದು ನಿಂತಿತು. “ಅಸಾಧ್ಯ!” ‘ನ್ಯಾಯ’ ಕಟ್ಟಿಕೊಂಡ ನರಿಮರಿ ಬಂದು ನಿಂತಿತು. “ಅನ್ಯಾಯ!”

ಮೊನೆಯಪ್ಪನ ಎದೆ ಉಬ್ಬಿತು. ಅವನ ಮುಂದೆ ಮಕ್ಕಳು ಇಷ್ಟು ಉತ್ಸಾಹದಿಂದ ಯಾವತ್ತೂ ಹೇಳಿರಲಿಲ್ಲ. “ಕೇಳಿದಿರಾ ಅಜ್ಜೀ? ಎಲ್ಲಾ ನಾನೇ ಕಲಿಸಿದ್ದು.”

“ಕೇಳಿದೆ ಮೇಷ್ಟ್ರೇ. ನೋಡಿದೆ ಕೂಡ” ಎಂದಳು ಆನೆಯಜ್ಜಿ. ಸೊಂಡಿಲು ಚಾಚಿ ಅವನ ಬೆನ್ನನ್ನು ಮೂಸಿದಳು. “ಹಲಸಿನ ಮೇಣ. ಈ ವಾಸನೆ ಆನೆಗೆ ತಿಳಿಯದೇ? ನೀವು ಹೋಗಿ ಹೋಗಿ ಮಕ್ಕಳು ಕೊರಳಿಗೆ ಹಾಕ್ಕೊಳ್ಳೋ ತೊಗಟೆಗೆ ಬಳಿದಿರಾ?”

ಮೊನೆಯಪ್ಪ ಬೆನ್ನ ಕಡೆ ಕೈಹಾಕಿದ. ಮುಳ್ಳುಗಳ ನಡುವೆ ದೊಡ್ಡ ‘ಅ’ ಗಟ್ಟಿಯಾಗಿ ಕೂತಿತ್ತು. ಕೈಯೂ ಅಲ್ಲೇ ಅಂಟಿಕೊಂಡಿತು. ಅವನು ಎಳೆದ, ಉರುಳಿದ, ಕೊಸರಾಡಿದ. ಮಕ್ಕಳು ಬಿದ್ದು ಬಿದ್ದು ನಕ್ಕರು.

ನಗದಿದ್ದವಳು ಗೊರವಂಕ ಟೀಚರ್ ಒಬ್ಬಳೇ. ಅವಳು ಹೊಂಗೆಬೀಜ ಜಜ್ಜಿಸಿ ಎಣ್ಣೆ ತರಿಸಿದಳು. ಕೈ ಬಿಟ್ಟುಕೊಂಡಿತು. ‘ಅ’ ಮಾತ್ರ ಬರಲಿಲ್ಲ. ಕೊನೆಗೆ ಅದು ಬಂದದ್ದು ಒಂದು ಹಿಡಿ ಮುಳ್ಳಿನ ಸಮೇತ. ಅವು ಮೊನೆಯಪ್ಪ ಮಕ್ಕಳನ್ನು ಚುಚ್ಚುತ್ತಿದ್ದ ಮುಳ್ಳುಗಳೇ.

ಬಂಡೆ ಗೊರವಂಕ ಟೀಚರಿಗೆ ಸಿಕ್ಕಿತು. ಮೊನೆಯಪ್ಪನಿಗೆ ಮಕ್ಕಳ ಸಾಲಿನ ಕೊನೆಯಲ್ಲಿ, ಅಳಿಲುಮರಿಯ ಪಕ್ಕ ಜಾಗ ಸಿಕ್ಕಿತು.

ಮರುದಿನ ಟೀಚರ್ ಆ ಮುಳ್ಳುಗಳನ್ನು ಎಲ್ಲರಿಗೂ ಹಂಚಿ, “ಇವು ಇನ್ನು ನಿಮ್ಮ ಲೇಖನಿ” ಎಂದಳು. ಮಕ್ಕಳು ನೇರಳೆಹಣ್ಣಿನ ರಸದಲ್ಲಿ ಅದ್ದಿ ಎಲೆಗಳ ಮೇಲೆ ಬರೆದರು. ಮೊನೆಯಪ್ಪ ಓರೆಗಣ್ಣಿನಿಂದ ನೋಡಿದ. ತನ್ನ ಮುಳ್ಳು ಇಷ್ಟು ಚೆಂದ ಬರೆಯುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಅಳಿಲುಮರಿ ತನ್ನದನ್ನು ಅವನ ಕೈಗಿತ್ತು, “ನೀವೂ ಬರೀರಿ ಮೇಷ್ಟ್ರೇ” ಎಂದಿತು.

ನೀತಿ: ಇನ್ನೊಬ್ಬರ ಒಳ್ಳೆಯ ಕೆಲಸವನ್ನು ಕಂಡು ಹೊಟ್ಟೆಕಿಚ್ಚುಪಟ್ಟು ಅದನ್ನು ಕೆಡಿಸಲು ಹೋದವರು ತಾವೇ ನಗೆಪಾಟಲಾಗುತ್ತಾರೆ, ಕೆಡಿಸುವುದಕ್ಕಿಂತ ಕಲಿಯುವುದು ಸುಲಭ.