ಹೊಳೆ ಕೇಳುವುದು

"ಅಜ್ಜಾರ, ಹದಿನೈದು ವರ್ಷದ ಮಗಳನ್ನ ಹ್ಯಾಂಗ ತಿದ್ದಬೇಕ್ರಿ?" ಎಂದು ಚನ್ನವೀರಪ್ಪ ಮಠದ ಗುರುಗಳನ್ನು ಕೇಳಿದ.

ಅವನು ಮಠದ ಹಳೆಯ ಶಿಷ್ಯ. ಪ್ರತಿ ಅಮಾವಾಸ್ಯೆಗೆ ತಪ್ಪದೆ ಬರುತ್ತಿದ್ದವನು ಆ ಸಲ ಹಬ್ಬಗಳ ಗಡಿಬಿಡಿಯಲ್ಲಿ ಬರಲಾಗದೆ, ದೀಪಾವಳಿ ಮುಗಿದ ಮೇಲೆ ಬಂದಿದ್ದ. ಮನೆಗೆ ಸುಣ್ಣ ಬಳಿಸಿದ್ದು, ಹಿಂಗಾರಿ ಜೋಳ ಬಿತ್ತಿದ್ದು, ಬೀಗರು ಬಂದು ಉಳಿದದ್ದು, ಎಲ್ಲ ಹೇಳಿ ಮುಗಿಸಿದ ಮೇಲೆ ಎದೆಯೊಳಗಿದ್ದ ಮಾತಿಗೆ ಬಂದ. ಮಗಳು ಕರೆದರೆ ಓಗೊಡುವುದಿಲ್ಲ. ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುತ್ತಾಳೆ. ನಗು ಗೆಳತಿಯರಿಗೆ, ಮುನಿಸು ಮಾತ್ರ ಮನೆಯವರಿಗೆ.

"ಹುಟ್ಟಿದಾಗಿಂದ ನೋಡೇನ್ರಿ. ಆಕೀ ಸ್ವಭಾವ ನನಗ ಗೊತ್ತಿಲ್ಲದ ಇನ್ಯಾರಿಗೆ ಗೊತ್ತಿರತದ? ತಿದ್ದೂದು ಹ್ಯಾಂಗ ಅನ್ನೂದ ತಿಳೀವಲ್ದು."

ಗೊತ್ತು ಎಂಬ ಮಾತು ಯಾರ ಬಾಯಲ್ಲಿ ಬಂದರೂ ಗುರುಗಳಿಗೆ ಒಳಗೊಳಗೇ ನಗು ಬರುತ್ತಿತ್ತು. ಆ ನಗುವನ್ನು ನುಂಗಿಕೊಂಡು ಒಬ್ಬ ಅಂಬಿಗನ ಕತೆ ಹೇಳಿದರು.

ಒಂದು ದೊಡ್ಡ ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಜನರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಆಚೆ ದಡಕ್ಕೆ ಮುಟ್ಟಿಸುವುದು ಅವನ ಕೆಲಸ. ಅದು ಅವನಿಗೆ ಅಪ್ಪನಿಂದ ಬಂದದ್ದು, ಅಪ್ಪನಿಗೆ ಅಜ್ಜನಿಂದ ಬಂದದ್ದು.

ಮಳೆಗಾಲದಲ್ಲಿ ಹೊಳೆ ತುಂಬಿದಾಗ ತಳದ ಮರಳೆಲ್ಲ ಕದಲುತ್ತದೆ. ಹೋದ ವರ್ಷ ದಿಬ್ಬವಿದ್ದಲ್ಲಿ ಈ ವರ್ಷ ಮಡು, ಮಡುವಿದ್ದಲ್ಲಿ ದಿಬ್ಬ. ಆದ್ದರಿಂದ ನೆರೆ ಇಳಿದ ಮೇಲೆ ಅಂಬಿಗ ಮೊದಲು ಯಾರನ್ನೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಬರಿಯ ಹರಿಗೋಲನ್ನು ನೀರಿಗಿಳಿಸಿ, ಉದ್ದದ ಬಿದಿರಿನ ಗಳ ಊರುತ್ತ, ಈ ದಡದಿಂದ ಆ ದಡದವರೆಗೆ ತಳವನ್ನು ತಡಕಿ ನೋಡಿ ಬರುತ್ತಿದ್ದ. ಇದನ್ನು ಅವನ ಮನೆತನದವರು ಹೊಳೆ ಕೇಳುವುದು ಎನ್ನುತ್ತಿದ್ದರು. ಹೊಳೆ ಕೇಳಿ ಆಗುವವರೆಗೆ ಊರ ಗೌಡನೂ ದಡದಲ್ಲಿ ಕಾಯಬೇಕು, ಗೌಡನ ಕುದುರೆಯೂ ಕಾಯಬೇಕು.

ಹೀಗೆ ವರ್ಷಕ್ಕೊಮ್ಮೆ ಕೇಳಿದರೆ ಮುಗಿಯಿತು. ಮುಂದಿನ ಮಳೆಗಾಲದವರೆಗೆ ಅವನು ಬೀಡಿ ಸೇದುತ್ತ, ಊರ ಸುದ್ದಿ ಮಾತಾಡುತ್ತ, ಕಣ್ಣು ಮುಚ್ಚಿಕೊಂಡೇ ಹೊಳೆ ದಾಟಿಸುತ್ತಿದ್ದ.

ಅಂಬಿಗನಿಗೆ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಆಕೆ ದಡದ ಕೆಸರಿನಲ್ಲಿ ಕಾಲು ಜಾರಿ ನೀರಿಗೆ ಬಿದ್ದಿದ್ದಳು. ಅಂಬಿಗ ಜಡೆ ಹಿಡಿದು ಎಳೆದುಕೊಂಡ. ಆಮೇಲೆ ಬಹಳ ದಿನ ಆಕೆ ಹರಿಗೋಲು ಕಂಡರೆ ಸಾಕು, ಅಪ್ಪನ ಧೋತರ ಹಿಡಿದು ಅಳುತ್ತಿದ್ದಳು. ನಮ್ಮ ಹುಡುಗಿಗೆ ನೀರೆಂದರೆ ಹೆದರಿಕೆ ಎಂದು ಅಂಬಿಗ ಎಲ್ಲರಿಗೂ ಹೇಳಿದ. ಹೇಳಿ ಹೇಳಿ ಆ ಮಾತು ಆಕೆಯ ಹೆಸರಿನಷ್ಟೇ ಖಾಯಂ ಆಯಿತು. ಹುಡುಗಿ ಬೆಳೆದು ಅವ್ವನ ಹೆಗಲ ಸಮಕ್ಕೆ ಬಂದಳು, ಮಾತು ಮಾತ್ರ ಇದ್ದಲ್ಲೇ ಇತ್ತು.

ಮಗಳಿಗೆ ಹದಿನೈದು ತುಂಬಿದ ವರ್ಷ, ಮಳೆಗಾಲ ಮುಗಿದು ಹೊಳೆ ಇಳಿದಾಗ, ಅಂಬಿಗ ಎಂದಿನಂತೆ ಹೊಳೆ ಕೇಳಲು ಹೊರಟ. ನಾನೂ ಬರುತ್ತೇನೆ ಎಂದಳು ಮಗಳು. ಅಂಬಿಗ ನಕ್ಕುಬಿಟ್ಟ. ನೀನು ಬಂದರೆ ನಾನು ಗಳ ಹಿಡಿಯಲೋ, ನಿನ್ನನ್ನು ಹಿಡಿಯಲೋ ಎಂದ. ಅವನು ತಮಾಷೆಗೆ ಹೇಳಿದ್ದು. ಅಂದಿನಿಂದ ಮಗಳು ಅವನ ಜೊತೆ ಮಾತು ಬಿಟ್ಟಳು.

ಆಮೇಲೆ ಆ ಮನೆಯಲ್ಲಿ ಉಸಿರಾಡಲು ಪುರಸೊತ್ತಿರಲಿಲ್ಲ. ಮಹಾನವಮಿ ಬಂತು. ಬನ್ನಿ ಕೊಡಲು ಈಚಿನವರು ಆಚೆಗೆ, ಆಚಿನವರು ಈಚೆಗೆ. ಸೀಗಿ ಹುಣ್ಣಿಮೆ ಬಂತು. ಬುತ್ತಿ ಕಟ್ಟಿಕೊಂಡು ಆಚೆಯ ಹೊಲಗಳಿಗೆ ಹೋಗುವವರು ದಡದಲ್ಲಿ ಸಾಲು ಹಚ್ಚಿದರು. ಹೆಂಡತಿ ಒಂದು ಕಡೆ ಗೋಡೆ ಸಾರಿಸುತ್ತ, ಇನ್ನೊಂದು ಕಡೆ ರೊಟ್ಟಿ ಬಡಿಯುತ್ತ ಇದ್ದಳು. ಇದೇ ಸಮಯ ನೋಡಿಕೊಂಡು ಎಮ್ಮೆಯೂ ಈಯಿತು. ಮಗಳು ಅವ್ವ ಹೇಳಿದ ಕೆಲಸವನ್ನೆಲ್ಲ ಮಾಡುತ್ತಿದ್ದಳು. ಕೈ ಬಿಡುವಾದ ಕೂಡಲೇ ಹೋಗಿ ದಡದಲ್ಲಿ ಕೂತು ಸುಮ್ಮನೆ ನೀರು ನೋಡುತ್ತಿದ್ದಳು. ಹುಡುಗಿಗೆ ಮೈಗಳ್ಳತನ ಅಂಟಿತು ಎಂದುಕೊಂಡ ಅಂಬಿಗ.

ಊಟಕ್ಕೆ ಏಳಿ ಎಂಬ ಮಾತು ಕೂಡ ಮಗಳಿಂದ ಅವನಿಗೆ ಅವ್ವನ ಮೂಲಕವೇ ಬರುತ್ತಿತ್ತು. ಆಕೆಯನ್ನು ಕೂಡಿಸಿಕೊಂಡು ಒಂದು ಮಾತು ಕೇಳಬಾರದೇ ಎಂದು ಹೆಂಡತಿ ಹೇಳಿದಳು. ಮಹಾನವಮಿ ಮುಗಿಯಲಿ ಎಂದ ಅಂಬಿಗ. ಅದು ಮುಗಿದ ಮೇಲೆ ಸೀಗಿ ಹುಣ್ಣಿಮೆ ಆಗಲಿ ಎಂದ. ಅದೂ ಆದ ಮೇಲೆ ದೀಪಾವಳಿ ಎಂದ. ಮಗಳೇನು ಎಲ್ಲಿಗಾದರೂ ಹೋಗುತ್ತಾಳೆಯೇ, ಮನೆಯಲ್ಲೇ ಇರುತ್ತಾಳಲ್ಲ ಎಂಬುದು ಅವನ ಧೈರ್ಯ. ಆದರೆ ಅಪ್ಪಾ ಎಂಬ ಕೂಗಿಲ್ಲದ ಮನೆಯಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಮೇಲಿನ ಸೀಮೆಯಲ್ಲಿ ಅಕಾಲದ ಮಳೆ ಹೊಯ್ದಿತು. ಹೊಳೆ ಮತ್ತೆ ಏರಿತು. ಹರಿಗೋಲು ದಡದಲ್ಲಿ ಬೋರಲು ಬಿತ್ತು. ನೀರು ಇಳಿಯುವಷ್ಟರಲ್ಲಿ ಹಬ್ಬಕ್ಕೆ ಒಂದೇ ದಿನ ಉಳಿದಿತ್ತು. ದಡದ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು, ಅವರ ಕಂಕುಳಲ್ಲಿ ಕೂಸುಗಳು, ಕಾಲಬಳಿ ಗಂಟುಗಳು. ಎಲ್ಲರಿಗೂ ಹೊತ್ತು ಮುಳುಗುವುದರೊಳಗೆ ಆಚೆ ದಡ ಸೇರಬೇಕು. ಹಿಡಿಸುವಷ್ಟು ಜನರನ್ನು ಹತ್ತಿಸಿಕೊಂಡು ಅಂಬಿಗ ಗಳ ಕೈಗೆ ತೆಗೆದುಕೊಂಡ.

ಆಗ ಮಗಳು ಬಂದು ಎದುರು ನಿಂತಳು. ಅಷ್ಟು ದಿನ ಬಿಗಿದುಕೊಂಡಿದ್ದ ಬಾಯಿ ತೆರೆದಳು.

"ಅಪ್ಪಾ, ಹೊಳಿ ಮತ್ತೊಮ್ಮೆ ಕೇಳಬೇಕು."

ಮಗಳು ಮಾತಾಡಿದಳೆಂದು ಅವನಿಗೆ ಸಂತೋಷವಾಗಬೇಕಿತ್ತು. ಅಷ್ಟು ಜನರ ಮುಂದೆ ಹೇಳಿದ್ದರಿಂದ ಮುಜುಗರವಾಯಿತು.

"ಹೊಳಿ ಕೇಳೂದು ವರ್ಷಕ್ಕ ಒಮ್ಮೆ. ನಮ್ಮಪ್ಪನೂ ಹಂಗ ಮಾಡ್ಯಾನ, ಅವರಪ್ಪನೂ ಹಂಗ ಮಾಡ್ಯಾನ. ನೀರು ಕಂಡ್ರ ನಡುಗೂ ನೀ ನನಗ ಹೊಳಿ ಕಲಿಸಬ್ಯಾಡ. ಮನಿಗೆ ನಡಿ."

ಹರಿಗೋಲಿನಲ್ಲಿದ್ದವರು ನಕ್ಕರು. ಮಗಳು ಹೊರಟಳು. ಮನೆಯ ಕಡೆಗೆ ಹೋಗಲಿಲ್ಲ, ದಡ ಹಿಡಿದು ಹೊಳೆ ಹರಿಯುವ ದಿಕ್ಕಿಗೆ ಹೋದಳು. ಅಂಬಿಗ ಅದನ್ನು ಗಮನಿಸಲಿಲ್ಲ.

ಹರಿಗೋಲು ನಡುಹೊಳೆಗೆ ಬಂತು. ಅಲ್ಲಿ ಎದೆಮಟ್ಟದ ನೀರು ಎಂಬುದು ಅವನಿಗೆ ಗೊತ್ತಿದ್ದ ಸಂಗತಿ. ಗಳ ಊರಿದ. ಗಳ ಇಳಿಯಿತು, ಇನ್ನೂ ಇಳಿಯಿತು, ಅವನ ಮೊಣಕೈ ತೊಯ್ದರೂ ತಳ ಸಿಗಲಿಲ್ಲ. ಅಕಾಲದ ನೀರು ಬಂದು ಹೋಗುವಾಗ ಹೊಳೆ ತನ್ನ ಒಳಮನೆಯನ್ನೆಲ್ಲ ಬದಲಿಸಿಕೊಂಡಿತ್ತು. ಸೆಳವು ಹರಿಗೋಲನ್ನು ಹಿಡಿಯಿತು. ಅದು ಬೀಸುವ ಕಲ್ಲಿನ ಹಾಗೆ ತಿರುಗತೊಡಗಿತು. ಮುಂದೆ ಬಂಡೆಗಳ ಸಾಲು. ಬಿದಿರಿನ ಹರಿಗೋಲು ಅದಕ್ಕೆ ಬಡಿದರೆ ಏನಾಗುತ್ತದೆ ಎಂದು ಅಂಬಿಗನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಗಳ ಬಿಟ್ಟು ಹುಟ್ಟು ಹಿಡಿದ. ಎತ್ತ ಹಾಕಬೇಕೆಂದು ತಿಳಿಯಲಿಲ್ಲ. ಆ ಕೆಂಪು ನೀರಿನ ಕೆಳಗೆ ಎಲ್ಲಿ ಏನಿದೆ ಎಂಬುದು ತನಗೆ ತಿಳಿದಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಕೂಸುಗಳು ಅಳುತ್ತಿದ್ದವು. ತಾಯಂದಿರು ಅಳಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದರು. ಆ ನೋಟ ತಾಳಲಾರದೆ ಅವನು ತಲೆಯೆತ್ತಿ ಆಚೆ ನೋಡಿದ.

ಹೊಳೆಯೊಳಗೆ, ದಡದಿಂದ ಬಹಳ ದೂರದಲ್ಲಿ, ಒಬ್ಬಳು ನಿಂತಿದ್ದಳು.

ನೀರು ಆಕೆಯ ಸೊಂಟದವರೆಗೆ ಮಾತ್ರ ಇತ್ತು. ಆಳೆತ್ತರದ ಮಡು ಎಂದು ಅವನು ನಂಬಿದ್ದ ಜಾಗದಲ್ಲಿ ಆಕೆ ಅಂಗಳದಲ್ಲಿ ನಿಂತಂತೆ ನಿಂತಿದ್ದಳು. ಒಂದು ಕೈಯಲ್ಲಿ ಕೋಲು ಊರಿ, ಇನ್ನೊಂದು ಕೈಯೆತ್ತಿ ಈ ಕಡೆಗೆ ಬಾ ಎನ್ನುತ್ತಿದ್ದಳು. ಹೊಳೆಯ ತಾಯಿ ಗಂಗವ್ವನೇ ಎದ್ದು ಬಂದಳು ಎಂದುಕೊಂಡ ಅಂಬಿಗ. ಕೈ ಮುಗಿಯಬೇಕೆನ್ನಿಸಿತು, ಹುಟ್ಟು ಹಿಡಿದಿದ್ದರಿಂದ ಆಗಲಿಲ್ಲ. ಹರಿಗೋಲು ಇನ್ನೊಂದು ಸುತ್ತು ಸುತ್ತಿ ಮತ್ತೆ ಆ ಕಡೆಗೆ ಬಂದಾಗ ಆಕೆಯ ಹೆಗಲ ಮೇಲಿನ ಹಳದಿ ಬಟ್ಟೆ ಕಣ್ಣಿಗೆ ಬಿತ್ತು. ಅದು ಅವನ ಹೆಂಡತಿಯ ಹಳೆಯ ಸೀರೆ ಹರಿದು ಮಾಡಿದ ದಾವಣಿ. ಹದಿನೈದು ವರ್ಷ ಸಾಕಿದ ಮಗಳನ್ನು ಗುರುತಿಸಲು ಅಪ್ಪನಿಗೆ ಬಟ್ಟೆಯ ಗುರುತು ಬೇಕಾಯಿತು.

ಅಂಬಿಗ ತನ್ನ ತಿಳಿವಳಿಕೆಯನ್ನೆಲ್ಲ ಬದಿಗಿಟ್ಟ. ಮಗಳು ಕೈ ತೋರಿಸಿದತ್ತ ಹುಟ್ಟು ಹಾಕಿದ. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸುರಿದು ಹಾಕಿದ. ಹರಿಗೋಲಿನ ತಳ ಮರಳಿಗೆ ತಾಗಿ ಕರಕರ ಎಂದಿತು, ಆಮೇಲೆ ನಿಂತಿತು.

ಹೊಸ ದಿಬ್ಬ ಈಚೆ ದಡದ ಬಟ್ಟೆ ಒಗೆಯುವ ಬಂಡೆಯ ಹತ್ತಿರ ಶುರುವಾಗಿ, ಓರೆಯಾಗಿ ನಡುಹೊಳೆಯವರೆಗೆ ಚಾಚಿಕೊಂಡಿತ್ತು. ಮಗಳು ಕೋಲೂರುತ್ತ ಮುಂದೆ ನಡೆದಳು. ಹೆಂಗಸರು ಒಬ್ಬರ ಸೆರಗನ್ನು ಒಬ್ಬರು ಹಿಡಿದುಕೊಂಡು ಆಕೆಯ ಹಿಂದೆ ನಡೆದರು. ಯಾರದೋ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಬಿಗ ಎಲ್ಲರಿಗಿಂತ ಹಿಂದೆ ನಡೆದ. ಆ ಹೊಳೆಯಲ್ಲಿ ಅವನು ಇನ್ನೊಬ್ಬರ ಹಿಂದೆ ನಡೆದದ್ದು ಅವನಪ್ಪ ತೀರಿಕೊಂಡ ಮೇಲೆ ಅದೇ ಮೊದಲು.

ದಡ ಮುಟ್ಟಿ, ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟು, ಅವನು ಮಗಳ ಹತ್ತಿರ ಹೋದ. ಆಕೆಯ ಕೈಕಾಲು ಗಡಗಡ ನಡುಗುತ್ತಿದ್ದವು.

"ನಿನಗ ನೀರಿನ ಹೆದರಿಕಿ ಯಾವಾಗ ಹೋತವ್ವಾ?" ಎಂದು ಕೇಳಿದ.

"ಎಲ್ಲಿ ಹೋಗೇತಿ ಅಪ್ಪಾ? ಇನ್ನೂ ಐತಿ," ಎಂದಳು ಮಗಳು. "ಹೆದರಿಕಿ ಐತಿ ಅಂತನ ದಿನಾ ಕುಂತು ನೋಡ್ತಿದ್ದೆ. ಕೊಕ್ಕರಿ ಎಲ್ಲಿ ನಿಂದರತಾವ, ನೀರು ಎಲ್ಲಿ ಸುತ್ತತೈತಿ, ಎಲ್ಲಾ ನೋಡ್ತಿದ್ದೆ. ಇವತ್ತ ಮುಂಜಾನೆ ಕೋಲು ಹಿಡ್ಕೊಂಡು ಇಳದೂ ನೋಡಿದೆ. ನಿನಗ ಹೆದರಿಕಿ ಇಲ್ಲ. ಅದಕ್ಕ ನೀ ವರ್ಷಕ್ಕ ಒಮ್ಮೆ ನೋಡ್ತಿ."

ಅಂಬಿಗ ತಿಳಿದುಕೊಂಡಿದ್ದು ಸುಳ್ಳಾಗಿರಲಿಲ್ಲ. ಮಗಳಿಗೆ ಹೆದರಿಕೆ ಇರುವುದು ನಿಜವೇ. ಆ ಹೆದರಿಕೆಯನ್ನು ಜೊತೆಗಿಟ್ಟುಕೊಂಡೇ ಆಕೆ ಎಷ್ಟು ದೂರ ನಡೆದುಹೋಗಿದ್ದಾಳೆ ಎಂಬುದನ್ನು ಅವನು ಕೇಳಿರಲಿಲ್ಲ. ಹೊಳೆಗೆ ಕೊಟ್ಟ ಮರ್ಯಾದೆಯನ್ನು ಮಗಳಿಗೆ ಕೊಟ್ಟಿರಲಿಲ್ಲ. ತನ್ನ ಒಲೆಯ ಮುಂದೆ ಕೂತು, ತನ್ನ ಎದುರಿಗೇ ರೊಟ್ಟಿ ಮುರಿದು ತಿನ್ನುತ್ತಿದ್ದ ಜೀವ ಇಷ್ಟು ದೊಡ್ಡದೇ ಎಂದು ಬೆರಗಾದ. ಆ ಬೆರಗಿನಲ್ಲಿ ಸಂತೋಷವೂ ಇತ್ತು, ಸ್ವಲ್ಪ ಭಯವೂ ಇತ್ತು. ಮಗಳ ತಲೆಯ ಮೇಲೆ ಕೈಯಿಡಲು ಹೋಗಿ, ಇಡಬಹುದೇ ಎಂದು ಒಂದು ಕ್ಷಣ ತಡೆದ. ಆಕೆಯೇ ತಲೆ ಬಗ್ಗಿಸಿದಳು.

ಹಬ್ಬದ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಕೂತಾಗ ಅಂಬಿಗ ಮಗಳನ್ನು ಹತ್ತಿರ ಕರೆದ. ಏನು ಕೇಳಬೇಕೆಂದು ತೋಚಲಿಲ್ಲ. ಪೇಟೆಗೆ ಹೋದಾಗಲೆಲ್ಲ ತಾನು ತಂದುಕೊಡುವ ಬೆಂಡು ಬತ್ತಾಸು ಸೇರುತ್ತದೆಯೋ ಇಲ್ಲವೋ ಎಂದು ಕೇಳಿದ. ಸೇರುವುದಿಲ್ಲ ಎಂದಳು ಮಗಳು. ಸೇರದೆ ಬಹಳ ವರ್ಷವಾಯಿತು, ಪಕ್ಕದ ಮನೆಯ ಮಕ್ಕಳಿಗೆ ಕೊಡುತ್ತೇನೆ ಎಂದಳು. ಅಂಬಿಗ ಬಿದ್ದು ಬಿದ್ದು ನಕ್ಕ. ಹಾಗಾದರೆ ಮತ್ತೇನು ಸೇರುತ್ತದೆ ಎಂದು ಕೇಳಿದ. ಮಗಳು ಹೇಳತೊಡಗಿದಳು. ಹಂಡೆಯ ನೀರು ಆರುತ್ತಿದೆ ಎಂದು ಹೆಂಡತಿ ಒಳಗಿನಿಂದ ಕೂಗಿದಳು. ದಡದಲ್ಲಿ ಜನ ಕೂಗುತ್ತಿದ್ದರು. ಅಂಬಿಗ ಕೂತಲ್ಲಿಂದ ಏಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರಪ್ಪನ ಕಣ್ಣು ತುಂಬಿದ್ದವು. ತಿದ್ದುವ ವಿಚಾರ ಅವನಿಗೆ ಮರೆತೇಹೋಗಿತ್ತು. ಕೂಡಲೇ ಮನೆಗೆ ಹೋಗಬೇಕು, ಮಗಳನ್ನು ಕೂಡಿಸಿಕೊಂಡು ಕೇಳಬೇಕು ಎನ್ನಿಸಿತು. ಭಾರ ಇಳಿಸಿಕೊಂಡವನ ಹಾಗೆ ದೊಡ್ಡ ಉಸಿರು ಬಿಟ್ಟು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಳ್ಳುತ್ತ ಎದ್ದ.

"ಅಂತೂ ಆ ಅಂಬಿಗಗ ಮಗಳು ತಿಳಿದ್ಳು ಅನ್ರಿ, ಅಜ್ಜಾರ."

"ಆ ವರ್ಷಕ್ಕ ತಿಳಿದ್ಳು, ತಮ್ಮಾ," ಎಂದರು ಗುರುಗಳು.

ಚನ್ನವೀರಪ್ಪ ಎದ್ದವನು ಹಾಗೆಯೇ ನಿಂತ.